ಗೋಡೆಯ ಮೇಲಿನ ರೂಟು

ಇಪ್ಪತ್ತಾರು ವರ್ಷ ಈ ಬಲಗೈ
ತಲೆಯ ಮೇಲಿನ ಕಂಬಿಯಲ್ಲೇ ಇತ್ತು.
ಎಡಗೈಯಲ್ಲಿ ಟಿಕೆಟ್, ಕಂಕುಳಲ್ಲಿ ಬ್ಯಾಗು,
ತುಟಿಯಲ್ಲಿ ಸೀಟಿ.
ಡ್ರೈವರ್ ಬ್ರೇಕು ಒತ್ತಿದಷ್ಟು ಸಲ
ಇಡೀ ಮಂಗಳೂರು ಬಂದು ಈ ಒಂದು ಭುಜಕ್ಕೆ ಜೋತುಬಿತ್ತು.

ಹಾಕುವಾಗ ಅಂಗಿಗೆ ಮೊದಲು ನೋವಿನ ಕೈ,
ಬಿಚ್ಚುವಾಗ ಕೊನೆಗೆ ನೋವಿನ ಕೈ.
ಇದು ಯಾರೂ ಹೇಳಿಕೊಟ್ಟದ್ದಲ್ಲ.
ರಾತ್ರಿ ಆ ಮಗ್ಗುಲಿಗೆ ಹೊರಳಿದರೆ
ಒಳಗೆ ಯಾರೋ ತುಕ್ಕು ಹಿಡಿದ ಶಟರ್ ಎಳೆದ ಹಾಗೆ.

ಕಂಕನಾಡಿಯ ಕ್ಲಿನಿಕ್ಕಿನಲ್ಲಿ ಸಫ್ವಾನಾ ಡಾಕ್ಟ್ರು
ಸ್ಪಿರಿಟ್ಟಿನಲ್ಲಿ ಭುಜ ಒರೆಸಿದರು.
ನೀಲಿ ಪಟ್ಟಿ ಕತ್ತರಿಸಿ ನಾಲ್ಕೂ ಮೂಲೆ ದುಂಡಗೆ ಮಾಡಿ
(ಮೂಲೆ ಇದ್ದರೆ ಅಂಗಿಗೆ ಸಿಕ್ಕಿ ಏಳುತ್ತದಂತೆ)
ತುದಿ ಎಳೆಯದೆ, ನಡು ಮಾತ್ರ ಚೂರು ಎಳೆದು
ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಅಂಟಿಸಿದರು.

"ಇದರಲ್ಲಿ ಮದ್ದು ಉಂಟಾ ಡಾಕ್ಟ್ರೆ?"
"ಇಲ್ಲ ಬೋಜಣ್ಣ. ಬರೀ ಬಟ್ಟೆ, ಅಂಟು."
"ಮತ್ತೆ?"
"ಕೈ ತಪ್ಪಾಗಿ ಎತ್ತಿದರೆ ಚರ್ಮ ಎಳೆದು ನೆನಪು ಮಾಡುತ್ತದೆ.
ಗುಣ ಆಗಬೇಕಾದರೆ ವ್ಯಾಯಾಮವೇ ಆಗಬೇಕು.
ಕೆಲವರಿಗೆ ಇದರಿಂದ ಏನೂ ಆಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ."
ಮುನ್ನೂರು ರೂಪಾಯಿ ತಕ್ಕೊಂಡು
ಇಷ್ಟು ನಿಜ ಹೇಳಿದವರನ್ನು ನಾನು ಕಂಡದ್ದಿಲ್ಲ.

ಮನೆಯಲ್ಲಿ ಗುಲಾಬಿಗೆ ನಗು:
"ಎಂತ ಇದು, ಪಾರ್ಸೆಲ್ ಕಟ್ಟಿದ ಹಾಗೆ! ಯಾವ ಊರಿಗೆ?"
ನಗುತ್ತಲೇ ಕಿಟಕಿ ಸರಳಿಗೆ ರಬ್ಬರ್ ಪಟ್ಟಿ ಬಿಗಿದುಕೊಟ್ಟಳು.
ಮೊಣಕೈಗೂ ಪಕ್ಕೆಗೂ ನಡುವೆ ಸುರುಳಿ ಸುತ್ತಿದ ಬೈರಾಸು,
ಹದಿನೈದು ಸಲ ಹೊರಗೆ, ನಿಧಾನ ಒಳಗೆ.
ಬೈರಾಸು ಬಿದ್ದರೆ ಲೆಕ್ಕ ಪುನಃ ಒಂದರಿಂದ.

ಆಮೇಲೆ ಗೋಡೆ.
ಎರಡು ಬೆರಳು ಜೇಡನ ಹಾಗೆ ಮೇಲೆ ನಡೆಯಬೇಕು,
ಮುಟ್ಟಿದಲ್ಲಿಗೆ ಪೆನ್ಸಿಲ್ ಗೀಟು, ಪಕ್ಕದಲ್ಲಿ ತಾರೀಕು.
ನನಗೆ ತಾರೀಕು ನಿಲ್ಲುವುದಿಲ್ಲ, ಸ್ಟಾಪು ನಿಲ್ಲುತ್ತದೆ.
ಸೊಂಟದ ಹತ್ತಿರ ಪಂಪ್‌ವೆಲ್.
ಎದೆಗೆ ಕಂಕನಾಡಿ.
ಗಲ್ಲಕ್ಕೆ ಬೆಂದೂರ್‌ವೆಲ್, ಅಲ್ಲಿ ಎರಡು ವಾರ ಬ್ಲಾಕು.
ಬಲ್ಮಠ ದಾಟುವಾಗ ಕಣ್ಣಲ್ಲಿ ನೀರು ಬಂತು.
ಜ್ಯೋತಿಯಲ್ಲಿ ನಿಂತ ಬೆರಳು ನಿಂತೇ ಇದೆ,
ಇಳಿಯುವವರಿಲ್ಲ, ಹತ್ತುವವರಿಲ್ಲ.
ಸ್ಟೇಟ್ ಬ್ಯಾಂಕ್ ಅಂದರೆ ಮೇಲೆ, ಕ್ಯಾಲೆಂಡರಿನ ಮೊಳೆ.

ಐದನೇ ದಿನ ಬೆವರಿಗೆ ಪಟ್ಟಿಯ ಅಂಚು ಬಿಟ್ಟಿತು.
ಗುಲಾಬಿ ತೆಂಗಿನೆಣ್ಣೆ ಸವರಿ
ರೋಮ ಮಲಗಿದ ದಿಕ್ಕಿಗೇ ಮೆಲ್ಲಗೆ ಬಿಡಿಸಿದಳು.
ಕೆಳಗೆ ಚರ್ಮದಲ್ಲಿ ಸಣ್ಣ ಸಣ್ಣ ತೆರೆಯ ಗುರುತು,
ಇಳಿತದ ಹೊತ್ತು ಹೊಯ್ಗೆಯಲ್ಲಿ ಉಳಿಯುವಂಥದ್ದು.
ಅವಳು ಅದರ ಮೇಲೆ ಬೆರಳಿಟ್ಟಳು,
ಎಷ್ಟೋ ವರ್ಷದ ಮೇಲೆ.
ನೋವಾಯ್ತಾ, ಕೇಳಿದಳು. ಇಲ್ಲ ಎಂದೆ.
ಸ್ವಲ್ಪ ಆಗಿತ್ತು.

ನಿನ್ನೆ ಮೊದಲ ಟ್ರಿಪ್ಪು, ಬಸ್ಸು ಅರ್ಧ ಖಾಲಿ.
ಬ್ರೇಕು ಬಿತ್ತು.
ಕೈ ನನ್ನನ್ನು ಕೇಳದೆ ಮೇಲೆ ಹೋಯಿತು,
ಕಂಬಿಗಿಂತ ನಾಲ್ಕು ಬೆರಳು ಕೆಳಗೆ ನಿಂತುಬಿಟ್ಟಿತು.
ನಾನು ಎಡಗೈಯಲ್ಲಿ ಸೀಟಿನ ಬೆನ್ನು ಹಿಡಿದೆ.
ಗಾಳಿಯಲ್ಲಿ ನಿಂತ ಕೈಯನ್ನು ನೋಡಿ
ರಸ್ತೆಬದಿಯ ಹೂವಿನ ಮುದುಕಿ
ಗುರ್ತದವನೆಂದುಕೊಂಡು ಕೈ ಬೀಸಿದಳು.
ನಾನೂ ಬೀಸಿದೆ,
ಅದೇ ಕೈ.