ಫಹಾಹೀಲಿನ ಬೇವು

ರಾತ್ರಿ ಪಾಳಿ ಮುಗಿಸಿ ಇಳಿದರೆ
ಅರಿಶಿನಕ್ಕೆ ಬೂದಿ ಕಲಸಿದಂಥ ಆಕಾಶ.
ಈ ಧೂಳಿಗೆ ಇಲ್ಲಿನವರು ತೋಝ್ ಅನ್ನುತ್ತಾರೆ.
ಹೆಸರೇ ಸೀನಿದ ಹಾಗಿದೆ.

ನೆಬ್ಯುಲೈಜರ್ ಕೋಣೆಯಲ್ಲಿ ನಿನ್ನೆ
ಹನ್ನೊಂದು ಕುರ್ಚಿ, ಹತ್ತೊಂಬತ್ತು ಎದೆ:
ಟ್ಯಾಕ್ಸಿಯವನು, ಶಾಲೆಯ ಆಯಾ,
ಮರಳಲ್ಲಿ ಡೇರೆ ಹಾಕಿ ವಸಂತ ನೋಡಲು ಹೋಗಿ
ಕೂಸನ್ನು ಹೊತ್ತು ಓಡಿಬಂದ ಕುವೈತಿ ಅಪ್ಪ.
ಎಲ್ಲರಿಗೂ ಒಂದೇ ಹಬೆ, ಒಂದೇ ಗೊರಗೊರ.
ಕೋಗಿಲೆ ಕೇಳಿ ಚೈತ್ರ ತಿಳಿಯುವುದು ಬಿಟ್ಟು
ಎಂಟು ವರ್ಷವಾಯಿತು.
ಸ್ಟೆತಸ್ಕೋಪಿನಲ್ಲಿ ಕೇಳುತ್ತದೆ ನನಗೆ,
ಬಾಗಿಲ ಸಂದಿಯ ಗಾಳಿಯಂಥ ಸಿಳ್ಳೆ.

ನಮ್ಮ ಕಟ್ಟಡದ ಹಿಂದೆ, ಕಸದ ಡಬ್ಬಿಗಳ ಪಕ್ಕ,
ಒಂದೇ ಒಂದು ಬೇವಿನ ಮರ,
ಏಸಿಗಳು ತೊಟ್ಟಿಕ್ಕಿಸಿದ ನೀರು ಕುಡಿದು ಬೆಳೆದದ್ದು.
ಉಳಿದ ನೀರು ಕಾವಲಿನ ಅಬ್ದುಸ್ಸಬೂರನ ಬಕೆಟ್ಟಿನದು.
ಯುಗಾದಿಯ ಬೆಳಿಗ್ಗೆ ಮೂರು ಕಟ್ಟಡದ
ಕನ್ನಡ, ತೆಲುಗು ಎಲ್ಲ ಅದಕ್ಕೇ ಮುತ್ತುತ್ತವೆ.
ಏಣಿ ಅವನದು, ಹೂ ಕೀಳುವ ಕೈ ನನ್ನದು.

ಹೋದ ತಿಂಗಳು ಮಗಳ ಮುಂಗೈ ಮೇಲೆ
ಹದಿನಾಲ್ಕು ಚುಕ್ಕಿ ಇಟ್ಟರು ಡಾಕ್ಟರು,
ರಂಗೋಲಿಗೆ ಇಟ್ಟ ಹಾಗೆ, ಸಾಲಾಗಿ.
ಧೂಳಿನ ಹುಳ: ಏನೂ ಇಲ್ಲ.
(ಕಾರ್ಪೆಟ್ಟು ಎಸೆದದ್ದು ದಂಡ.)
ಬೆಕ್ಕು: ಏನೂ ಇಲ್ಲ.
ಏಳನೆಯದು ಮಾತ್ರ ಸೊಳ್ಳೆ ಕಚ್ಚಿದಂತೆ ಉಬ್ಬಿ
ನೋಡನೋಡುತ್ತ ಕೆಂಪಾಯಿತು.
ಚೀಟಿ ತಿರುಗಿಸಿ ಓದಿದೆ. ಪರಾಗ. ಬೇವು.

ಮೊದಲು ನಗು ಬಂತು, ಆಮೇಲೆ ಬರಲಿಲ್ಲ.
ನಾನೇ ಅಲ್ಲವೆ, ಎಂಟು ವರ್ಷ,
ದುಪಟ್ಟಾದಲ್ಲಿ ಮಡಿಲು ತುಂಬಿ ಒಳಗೆ ತಂದವಳು,
ಬಾಗಿಲಿಗೆ ಕಟ್ಟಿದವಳು, ದಿಂಬಿನ ಪಕ್ಕ ಇಟ್ಟವಳು,
ಮೈಗೆ ಒಳ್ಳೆಯದು ಕಣೇ ಅಂತ.

ಇವತ್ತು ಅಬ್ದುಸ್ಸಬೂರ್ ಮೆಟ್ಟಿಲ ಮೇಲೆ ಕೂತಿದ್ದಾನೆ,
ಹೆಗಲು ಏರಿ ಇಳಿದು, ಏರಿ ಇಳಿದು.
ರಮದಾನ್ ಈ ಸಲ ಯುಗಾದಿಯ ಕೈಹಿಡಿದು ಬಂದಿದೆ,
ನೀಲಿ ಪಂಪು ಜೇಬಿನಲ್ಲೇ ಇದೆ.
"ಮಗ್ರಿಬ್ ಆಗಲಿ, ಸಿಸ್ಟರ್."
ಇನ್ನೂ ಹನ್ನೊಂದು ಗಂಟೆ ಇದೆಯಲ್ಲೋ ಮಾರಾಯ!
ಫತ್ವಾ ನನಗೆ ಗೊತ್ತಿಲ್ಲ, ನಿನ್ನ ಉಗುರಿನ ಬಣ್ಣ ಗೊತ್ತು.
ಇಮಾಮರಿಗೆ ಫೋನು ಹಚ್ಚು, ಈಗಲೇ, ನನ್ನೆದುರು.
ಹಚ್ಚಿದ. ಅವರೇನೆಂದರೋ,
ನನ್ನ ಅರಬ್ಬಿಗೆ ಬೈದ ಹಾಗೆ ಕೇಳಿಸಿತು.
ಎರಡು ಸಲ ಒತ್ತಿಕೊಂಡ.
ಉಸಿರು ಹಿಡಿ, ಹತ್ತು ಎಣಿಸು ಅಂದೆ.
ಬಾಯಿ ಬಿಡುವಂತಿಲ್ಲ, ಬೆರಳಿನಲ್ಲಿ ಎಣಿಸಿದ.

ನಾಲ್ಕನೇ ಮಹಡಿಯ ವಾರಿಜಾಕ್ಷಿಯ ಫೋನು:
ಹೂವು ಸಿಕ್ಕಿತಾ? ಸಂಜೆ ಪಾರ್ಕಿನಲ್ಲಿ ಮುನ್ನೂರು ಜನ,
ಹೋಳಿಗೆ, ಮಕ್ಕಳ ಕೋಲಾಟ...
ಹೊರಗೆ ಬೇಡ ಕಣೇ, ಗಾಳಿ ಎದ್ದಿದೆ,
ಶಾಲೆಯ ಹಾಲ್ ಕೇಳಿ, ಕಿಟಕಿ ಮುಚ್ಚಿಸಿ ಅಂದೆ.
ಹಬ್ಬದ ದಿನ ಅಪಶಕುನ ನುಡೀಬೇಡ ಅನ್ನುತ್ತ
ಮಾತು ಮುಗಿಯುವ ಮೊದಲೇ ಮೂರು ಸಲ ಸೀನಿದಳು.

ಬಾಗಿಲಲ್ಲೇ ಯೂನಿಫಾರ್ಮು ಕಳಚಿ ಮಶೀನಿಗೆ ಹಾಕಿ,
ತಲೆಗೆ ನೀರು ಸುರಿದುಕೊಂಡು,
ಆಮೇಲೆ ಮಗಳನ್ನು ಮುಟ್ಟಿದೆ.
ಬಟ್ಟಲಲ್ಲಿ ಬೆಲ್ಲ, ಹುರಿಗಡಲೆ. ಕಹಿಗೆ
ಹುರಿದ ನಾಲ್ಕು ಮೆಂತ್ಯದ ಕಾಳು.
ಪ್ರಣೀತೆ ಕಾಳು ನೋಡಿದಳು, ನನ್ನನ್ನು ನೋಡಿದಳು.
ಬೆಳಗಿನ ಎರಡು ಪಫ್ ಎಳೆದುಕೊಂಡು
ನಾಲಿಗೆ ಚಾಚಿ ತೋರಿಸಿದಳು:
"ನಂದು ಬೇವು ಆಯ್ತು. ಬೆಲ್ಲ ಕೊಡು."
ಮೊದಲು ಬಾಯಿ ಮುಕ್ಕಳಿಸು ಅಂದೆ.

ಕಿಟಕಿಯ ಅಂಚಿಗೆ ಒದ್ದೆ ಟವೆಲು ತುರುಕಿ
ಇಬ್ಬರೂ ಗಾಜಿಗೆ ಹಣೆ ಒತ್ತಿ ನಿಂತಿದ್ದೇವೆ.
ಕೆಳಗೆ ಮರ ತೂರಾಡುತ್ತ
ಯಾರ್‍ಯಾರದೋ ಕಾರುಗಳ ಮೇಲೆ ಹೂವು ಸುರಿಯುತ್ತಿದೆ.
ಒಬ್ಬ ಮುದುಕ ಮೂಗಿಗೆ ರುಮಾಲು ಕಟ್ಟಿಕೊಂಡು
ಬುಡಕ್ಕೆ ಬಕೆಟ್ಟು ಬಗ್ಗಿಸುತ್ತಿದ್ದಾನೆ.
ನಾಳೆ ಅದರ ಕೆಳಗೆ ಬಸ್ಸಿಗೆ ನಡೆಯುವಾಗ
ಮಾಸ್ಕು ಹಾಕಿಕೋ ಅಂತ ಮಗಳಿಗೆ ಹೇಳಬೇಕು.
ಮರವನ್ನು ಬೈಯಬೇಡ ಅಂತಲೂ.