ಕುಯ್ಲಿನ ಲೆಕ್ಕ

ಜೈಲಿನ ಬಾಗಿಲಲ್ಲಿ ನನ್ನನ್ನು ‘ಲಾಯರಮ್ಮ’ ಅನ್ನುತ್ತಾರೆ.
ಅಲ್ಲ ಅಲ್ಲ ಅಂದು ಸಾಕಾಗಿ ಈಗ ಬಿಟ್ಟಿದ್ದೇನೆ.
ಮೂರನೇ ವರ್ಷ, ಎರಡು ಸಬ್ಜೆಕ್ಟು ಬಾಕಿ.
ಕರಿ ಕೋಟು ಸೀನಿಯರ್ ಅಕ್ಕನದು, ತೋಳು ಉದ್ದ,
ಮಡಚಿ ಪಿನ್ನು ಹಾಕಿದ್ದೇನೆ.

ಬುಧವಾರ ನಮ್ಮ ಪಾಳಿ. ಕಾನೂನು ನೆರವಿನ ಫಾರ್ಮು,
ಹಾಸನದ ಬಿಸಿಲು, ಬ್ಯಾಗು ಬಿಚ್ಚಿಸುವ ಪೇದೆ;
ಟಿಫಿನ್ ಡಬ್ಬಿಯ ಮುಚ್ಚಳವನ್ನೂ ಮೂಸುತ್ತಾನೆ.

ಮೇಜಿನಾಚೆ ಕೂತವನ ಹೆಸರು
ಚಾರ್ಜ್‌ಶೀಟಿನಲ್ಲಿ: ಸಣ್ಣೀರಯ್ಯ ಅಲಿಯಾಸ್ ಈರ.
ಅವ್ವ ಊಟಕ್ಕೆ ಕೂಗುತ್ತಿದ್ದ ಹೆಸರು, ಅಲಿಯಾಸ್ ಆಗಿದೆ.
ಮನೆಯಲ್ಲಿ ನನ್ನನ್ನು ಪಾಪು ಅನ್ನುತ್ತಾರೆ.
ನಾಳೆ ನಾನು ಸಿಕ್ಕಿಬಿದ್ದರೆ
ಅದೂ ಹೀಗೇ ಟೈಪಾಗುತ್ತದೆ.

ಆರೋಪ: ಅರೆಹಳ್ಳಿ ಕಡೆಯ ತೋಟದ ಕಣದಿಂದ
ಹನ್ನೊಂದು ಕೆಜಿ ಕರಿಮೆಣಸು.
ಜಾಮೀನು ಸಿಕ್ಕಿ ಎಷ್ಟೋ ತಿಂಗಳಾಗಿದೆ.
ಸಿಕ್ಕಿದ್ದು ಕಾಗದದಲ್ಲಿ.
ಐವತ್ತು ಸಾವಿರದ ಮುಚ್ಚಳಿಕೆ, ಪಹಣಿ ಇರುವ ಒಬ್ಬ ಜಾಮೀನುದಾರ.
ಲೈನ್ ಮನೆಯಲ್ಲಿ ಹುಟ್ಟಿ, ಲೈನ್ ಮನೆಯಲ್ಲೇ ಮದುವೆಯಾದವನ
ನೆಂಟರಲ್ಲಿ ಯಾರ ಹೆಸರಿಗಿದೆ ಭೂಮಿ?
‘ನಮ್ಮೋರಿಗೆ ಜಾಗ ಅಂತ ಇರೋದು ಹೂಳೋ ಕಡೆ ಒಂದೇಯ,
ಅದುಕ್ಕೂ ತಕರಾರು’ ಅಂದ. ಅವನೇ ನಕ್ಕ.

ಆ ರಾತ್ರಿ ಅಪ್ಪನನ್ನು ಕೇಳಿದೆ.
ದುದ್ದದ ಹತ್ತಿರ ನಮಗೆ ಒಂದೆಕರೆ ಹನ್ನೆರಡು ಗುಂಟೆ,
ಲೈನ್‌ಮನ್ ಆಗಿ ಮೂವತ್ತು ವರ್ಷ
ಕಂಬ ಹತ್ತಿ ಇಳಿದು ಕೊಂಡದ್ದು.
ಅಪ್ಪ ಆಲೂಗೆಡ್ಡೆ ಪಲ್ಯ ಬದಿಗೆ ಸರಿಸಿ
ಬಹಳ ಹೊತ್ತು ತಟ್ಟೆ ನೋಡಿದರು.
‘ನೀನು ಓದು’ ಅಂದರು, ಅಷ್ಟೆ.
ಮೂಟ್ ಕೋರ್ಟಿನಲ್ಲಿ ಇಪ್ಪತ್ತೊಂದನೇ ವಿಧಿಯ ಮೇಲೆ ಮಾತಾಡಿ
ಗೆದ್ದ ಕಪ್ಪು ಟೀವಿಯ ಮೇಲಿದೆ.
ಅಪ್ಪನೆದುರು ಒಂದು ವಾಕ್ಯವೂ ಹೊರಡಲಿಲ್ಲ.

ಓದಿದೆ. ಹೊಸ ಸಂಹಿತೆ, ಕಲಂ ನಾನೂರ ಎಪ್ಪತ್ತೊಂಬತ್ತು:
ಮೊದಲ ಸಲದ ಆರೋಪಿ,
ಗರಿಷ್ಠ ಶಿಕ್ಷೆಯ ಮೂರನೇ ಒಂದು ಪಾಲು ಒಳಗೇ ಕಳೆದಿದ್ದರೆ
ಬರೀ ಮುಚ್ಚಳಿಕೆಯ ಮೇಲೆ ಬಿಡತಕ್ಕದ್ದು.
ಕಳವಿಗೆ ಮೂರು ವರ್ಷ. ಮೂರನೇ ಪಾಲು ಒಂದು.
ನಾಲ್ಕನೇ ಕ್ಲಾಸಿನ ಭಾಗಾಕಾರ.

‘ಯಾವತ್ತು ಹಿಡಿದರು?’
‘ಮೆಣಸು ಕುಯ್ಲು ಮುಗೀತಿತ್ತು, ಏಣಿ ಇನ್ನೂ ಇಳಿಸಿರ್ಲಿಲ್ಲ.
ಆಮೇಲೆ ಹೂಮಳೆ. ವಾಸನೆ ಇಲ್ಲಿಗೆ ಬರಲ್ಲ,
ಬಂದಿರ್ಬೇಕು ಅಂದ್ಕಂಡೆ.
ಆಮೇಲೆ ಕಾಫಿ ಹಣ್ಣು. ಈಗ ತಿರ್ಗಾ ಮೆಣಸು ಮುಗ್ದಿರ್ಬೇಕು,
ಅಲ್ವ್ರಾ?’

ಕುಯ್ಲನ್ನು ತಾರೀಕಿಗೆ ತಿರುಗಿಸಿ
ರಿಮಾಂಡಿನ ಪುಟಗಳ ಜೊತೆ ತಾಳೆ ನೋಡಿ
ಸಹಕಾರಿ ಬ್ಯಾಂಕಿನ ಕ್ಯಾಲೆಂಡರಿನ ಮೇಲೆ
ಪೆನ್ಸಿಲ್ಲಿನಲ್ಲಿ ಚುಕ್ಕಿ ಇಟ್ಟೆ.
ಮುನ್ನೂರ ತೊಂಬತ್ತೊಂದು.
ಮತ್ತೆ ಎಣಿಸಿದೆ.
ಇಪ್ಪತ್ತಾರು ದಿನ ಹೆಚ್ಚು;
ಯಾರೂ ರಸೀತಿ ಕೊಡದ
ಇಪ್ಪತ್ತಾರು ಸಲ ಬೀಗ ಬಿದ್ದ ಸದ್ದು.
ದ್ವೇಷದಿಂದ ಯಾರೂ ಹಿಡಿದಿಟ್ಟಿರಲಿಲ್ಲ.
ಎಣಿಸಿರಲಿಲ್ಲ, ಅಷ್ಟೆ.
ನನಗೆ ಹೆದರಿಕೆಯಾದದ್ದು ಅದಕ್ಕೇ.

ಅರ್ಜಿ ನನ್ನದು, ಸಹಿ ಪ್ಯಾನಲ್ ವಕೀಲ ರುದ್ರೇಗೌಡರದು.
ನಾನು ಹಿಂದಿನ ಬೆಂಚಲ್ಲಿ. ಎರಡೂವರೆ ನಿಮಿಷ.
ಫ್ಯಾನಿನ ಗಲಾಟೆಯಲ್ಲಿ ಆದೇಶವೇ ಸರಿಯಾಗಿ ಕೇಳಿಸಲಿಲ್ಲ.

ಸಂಜೆ ಹೊರಬಂದವನು ಕೈ ಮುಗಿಯಲಿಲ್ಲ. ನನಗದು ಹಿಡಿಸಿತು.
ಬೇಲೂರು ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಕೇಳಿ
ರಸ್ತೆ ದಾಟಲು ಅಳುಕಿ
ಬೈಕುಗಳನ್ನು ನೋಡುತ್ತ ನಿಂತ.

ಮುಂದಿನ ಬುಧವಾರ ಮೇಜಿನಾಚೆ ಆರು ಜನ.
ಒಬ್ಬ, ನಾಟಿಯಿಂದ ಎಣಿಸಿ ಅಂದ.
ಒಬ್ಬ, ಮಗಳು ಮೈನೆರೆದ ವಾರದಿಂದ.
ಪೆನ್ಸಿಲ್ಲು ಒಳಗೆ ಬಿಡಲಿಲ್ಲ ಪೇದೆ,
ಬೆರಳಿನ ಗೆಣ್ಣಿನ ಮೇಲೆ ಎಣಿಸಿದೆ.

ರಾತ್ರಿ ದೀಪ ಆರಿಸಿದ ಮೇಲೆ
ಅಪ್ಪನ ದನಿ, ಆಚೆ ಮಂಚದಿಂದ:
‘ಆ ಮೆಣಸು... ಅವನು ಕದ್ದಿದ್ದನೇನಮ್ಮ?’

ಅದನ್ನು ಇನ್ನೂ ಯಾರೂ ಕೇಳಿಲ್ಲಪ್ಪ.