ಎಡಕ್ಕೆ ತಿರುಗಿದಾಗ ಮಾತ್ರ

ಮೂರು ದಿನದಿಂದ ದೀಪ ಹೀಗೆ:
ನೇರ ಹೋದರೆ ಉಂಟು, ಬಲಕ್ಕೂ ಉಂಟು,
ಸಂತೆ ದಾಟಿ ನೈಲಿನ ಕಡೆ
ಎಡಕ್ಕೆ ಹೊರಳಿದರೆ ಕತ್ತಲೆ.

ಬ್ಯಾಟರಿಯೇ ಎಂದ ಅಂಗಡಿಯ ಮುಕೋಸೆ.
ಸಾಲಕ್ಕೆ ತಂದೆ. ಹೊಸ ಬ್ಯಾಟರಿ, ಅದೇ ಕತ್ತಲೆ.

ಈ ರಾತ್ರಿ ಜಿಂಜಾದ ಬಾಡಿಗೆ ಕೋಣೆಯೊಳಗೇ
ಬೋಡಾ ನಿಲ್ಲಿಸಿ, ಟ್ಯಾಂಕು ಬಿಚ್ಚಿ ಮಂಚದಡಿ ತಳ್ಳಿ,
ಪುಟ್ಟ ಬಲ್ಬಿಗೆ ಎರಡು ತಂತಿ ಕಟ್ಟಿ
ಒಂದನ್ನು ಕಬ್ಬಿಣಕ್ಕೆ ಊರಿ, ಇನ್ನೊಂದರಿಂದ
ಗಂಟುಗಂಟನ್ನೂ ಮುಟ್ಟಿ ಕೇಳುತ್ತೇನೆ:
ನಿನ್ನವರೆಗೆ ಬಂತೇ?
ಬಂತು, ಎನ್ನುತ್ತದೆ ಬಲ್ಬು.
ಕೊನೆಗೆ ಹೆಡ್‌ಲೈಟಿನ ಬಾಯಲ್ಲೂ
ಬಂತು.

ನೈಗಾಗ, ಎಂಟು ವರ್ಷ, ನಿದ್ದೆಗೆಟ್ಟು
ಹ್ಯಾಂಡಲ್ ಹಿಡಿದು ಆಡುತ್ತಿದ್ದಳು.
ಸುಮ್ಮನಿರೇ, ಎನ್ನುವಷ್ಟರಲ್ಲಿ
ಬಲ್ಬು ಕಣ್ಣು ಮುಚ್ಚಿತು.
ಇನ್ನೊಮ್ಮೆ ತಿರುಗಿಸು ಮಗಳೇ. ನಿಧಾನ.

ಕತ್ತಿನ ಬಳಿ, ನೀಲಿ ತಂತಿ.
ಹೊರಗೆ ಒಂದು ಗೀರೂ ಇಲ್ಲ.
ಹಲ್ಲಿನಲ್ಲಿ ಸುಲಿದರೆ
ಹಸಿರುಗಟ್ಟಿ ತುಂಡಾದ ತಾಮ್ರ,
ನಾಲಗೆಗೆ ಹಳೆಯ ನಾಣ್ಯದ ರುಚಿ.

ಹೊಸೆದೆ, ಟೇಪು ಸುತ್ತಿದೆ, ಎಡಕ್ಕೆ ತಿರುಗಿಸಿದೆ:
ಬೆಳಕು ಗೋಡೆಯುದ್ದಕ್ಕೂ ಸರಿದು
ಸೊಳ್ಳೆಪರದೆಯೊಳಗೆ ಹೆಂಡತಿ ಎದ್ದು ಕೂತಳು.

ಈಗ ಬ್ರೇಕು ಒತ್ತಿದರೆ ಹಾರ್ನು ಕೂಗುತ್ತದೆ.
ಇರಲಿ.
ಮುಕೋಸೆಯ ಅಂಗಡಿ ಮುಂದೆ
ನಾಳೆ ಹೇಗೂ ಬ್ರೇಕು ಒತ್ತಬೇಕು.